ರೂಟರಿನ ಆಯುಧಪೂಜೆ

ಆಯುಧಪೂಜೆಯ ಬೆಳಗ್ಗೆ ಮಧುಗಿರಿ ಬೆಟ್ಟದಿಂದ ಇಳಿದ ಮಂಜು ಇನ್ನೂ ಬೀದಿಯಲ್ಲೇ ಕೂತಿತ್ತು. ಸರೋಜಮ್ಮ ಈಳಿಗೆಮಣೆ, ಹೊಲಿಗೆ ಮಿಷನ್ನಿನ ಸಾಲಿನಲ್ಲಿ ಇಂಟರ್ನೆಟ್ಟಿನ ರೂಟರಿಗೂ ವಿಭೂತಿ ಹಚ್ಚಿ, ವೈರು ಸಮೇತ ಚೆಂಡುಹೂವಿನ ಹಾರ ಬಿಗಿದು ಕೈಮುಗಿದರು. ಆ ಕ್ಷಣವೇ ಕೆಂಪು ದೀಪ ಮಿಣುಕಿ ನೆಟ್ಟು ಹೋಯಿತು.

ಮೊಮ್ಮಗಳು ಗಗನಾ ಕಂಗಾಲಾದಳು. ನರ್ಸಿಂಗ್ ಸೀಟಿನ ಅರ್ಜಿಗೆ ಹನ್ನೊಂದು ಗಂಟೆಯೇ ಗಡುವು. ಮೊಬೈಲಿಗೆ ಸಿಗ್ನಲ್ಲಿಲ್ಲ, ಸೈಬರ್ ಸೆಂಟರಿಗೆ ಹಬ್ಬದ ರಜೆ. ಓಡಿಹೋಗಿ ಕೇಬಲ್ಲಿನ ಹಫೀಜನನ್ನು ಕರೆತಂದಳು.

ಅವನು ವೈರಿಗೆ ಕೈಹಾಕಿದ್ದೇ ತಡ, ಸರೋಜಮ್ಮ ಅಡ್ಡ ಬಂದರು.

"ಮುಟ್ಬ್ಯಾಡ ಕಣಪ್ಪ! ಪೂಜೆಗೆ ಕೂತಿರಾದ್ನ ನಾಳೆಗಂಟ ಎತ್ತಂಗಿಲ್ಲ."

"ಅಜ್ಜೀ, ನನ್ ಸೀಟು ಹೋಯ್ತದೆ!"

"ಶಿವನಿಗಿಂತ ದೊಡ್ಡದೇನೇ ನಿನ್ ಸೀಟು?"

ಹಫೀಜ್ ಸಮಾಧಾನವಾಗಿ ನೆಲದ ಮೇಲೆ ಕೂತ. "ಅಜ್ಜಿ, ಹಬ್ಬದಾಗೆ ಕಳಸ ಎತ್ತಾಕೆ ಮುಂಚೆ ಏನ್ ಮಾಡ್ತೀರಾ?"

"ಕೈಮುಗ್ದು ಒಂಚೂರು ಕದಲಿಸ್ತೀವಿ. ಅಲ್ಲಿಗೆ ಪೂಜೆ ಮುಗೀತು."

"ಇದ್ನೂ ಕದಲಿಸ್ಬುಡಿ ಮತ್ತೆ."

ಸರೋಜಮ್ಮ ಕಣ್ಣುಮುಚ್ಚಿ, "ತಪ್ಪಾಯ್ತು ಶಿವನೇ, ಮಗಾ ಅಳ್ತೈತೆ" ಎಂದು ರೂಟರನ್ನು ಬೆರಳಷ್ಟು ಬಲಕ್ಕೆ ಸರಿಸಿದರು. ಹಫೀಜ್ ಹಾರದ ದಾರಕ್ಕೆ ಸಿಕ್ಕಿ ಮಡಿಚಿಹೋಗಿದ್ದ ವೈರನ್ನು ಬಿಡಿಸಿ ನೇರ ಮಾಡಿದ. ಹಸಿರು ದೀಪ ಬಂತು. ಹನ್ನೊಂದಕ್ಕೆ ನಾಲ್ಕು ನಿಮಿಷವಿರುವಾಗ ಅರ್ಜಿ ಹೋಯಿತು.

ಸರೋಜಮ್ಮ ಒಳಗೆ ಹೋಗಿ ಬಂದು, ಪೂಜೆ ನಡೆಸಿಕೊಟ್ಟವರಿಗೆ ಸಲ್ಲಬೇಕಾದ ತೆಂಗಿನಹೋಳನ್ನು ಹಫೀಜನ ಕೈಗಿಟ್ಟರು.