ಅತ್ತೆಯ ಫೋನಿಗೆ ಹೆತ್ತವರ ಒಪ್ಪಿಗೆ

ಸಾವಿನ ಮನೆಯಲ್ಲಿ ಮಾತಾಡಿಸಿಕೊಂಡು ಹೋಗೋಣವೆಂದು ಬಂದವಳಿಗೆ ಸತ್ತವರೇ ಬಂದು ಗೇಟು ತೆಗೆದರೆ ಹೇಗಿರುತ್ತದೆ? ಹೋದ ಶನಿವಾರ ಕೊಡಿಗೇಹಳ್ಳಿಯ ನಮ್ಮ ಮನೆ ಬಾಗಿಲಲ್ಲಿ ಆದದ್ದು ಅದೇ. ಸಹಕಾರನಗರದ ಲುಬ್ನಾ ಒಂದು ಚಿಪ್ಪು ಬಾಳೆಹಣ್ಣು ಹಿಡಿದು, ದುಪಟ್ಟಾದ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. ನನ್ನ ಅತ್ತೆ ಮುನಿಯಲ್ಲಮ್ಮ ಚಿಲಕ ತೆಗೆದು, "ಬಾರವ್ವ, ಎಷ್ಟ್ ದಿನ ಆಯ್ತು ನಿನ್ನ ನೋಡಿ" ಅಂದರು. ಲುಬ್ನಾ "ಯಾ ಅಲ್ಲಾ!" ಎಂದು ಕಿರುಚಿದಳು. ಹಣ್ಣು ಕೆಳಗೆ ಬಿತ್ತು.

ನಾನು ಒಗೆಯುವ ಬಟ್ಟೆ ಬಿಟ್ಟು ಓಡಿಬಂದೆ. ಲುಬ್ನಾ ಅತ್ತೆಯ ಎರಡೂ ಕೈ ಹಿಡಿದು ಮುಟ್ಟಿ ಮುಟ್ಟಿ ನೋಡುತ್ತಿದ್ದಳು.

"ಅಮ್ಮಾ, ನೀವು ಹೋಗ್ಬಿಟ್ರಿ ಅಂದ್ಕೊಂಡೆ! ನನ್ನ ತಂಗಿ ರುಖ್ಸಾರ್‌ಗೆ ಹೆರಿಗೆ ಆಯ್ತು. ಎಷ್ಟು ಸಲ ಫೋನ್ ಮಾಡ್ದೆ, ಹೋಗೋದೇ ಇಲ್ಲ. ಎರಡನೇ ರಿಂಗಿಗೆ ಎತ್ತೋರು ನೀವು. ಬದುಕಿದ್ರೆ ಎತ್ತಲ್ವಾ? ನಮ್ಮ ಸಹಕಾರನಗರದ ಪಾರ್ಕಲ್ಲಿ ಎಲ್ರೂ ಹಂಗೇ ಅಂತಾರೆ."

"ಎಲ್ರೂನಾ?" ಅಂದರು ಅತ್ತೆ. ಅಲ್ಲೇ ಮೆಟ್ಟಿಲ ಮೇಲೆ ಕೂತರು.

ಅತ್ತೆಯ ಕೆಲಸವನ್ನು ಮೊದಲು ಹೇಳಬೇಕು. ಅವರು ಎಳೆಮಕ್ಕಳಿಗೆ ನೀರು ಹಾಕುವವರು. ಕಾಲು ನೀಡಿ ಕೂತು, ಮಗುವನ್ನು ಮೊಣಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹುಯ್ದರೆ ಎಂಥ ರಚ್ಚೆ ಹಿಡಿದ ಕೂಸೂ ನಿದ್ದೆ ಹೋಗುತ್ತದೆ. ಸಹಕಾರನಗರದಲ್ಲಿ, ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ಹೊಸ ಬಡಾವಣೆಗಳಲ್ಲಿ ಅವರ ಕೈಯಲ್ಲಿ ನೀರು ಹಾಕಿಸಿಕೊಂಡ ಮಕ್ಕಳು ಈಗ ಸ್ಕೂಟರ್ ಓಡಿಸುತ್ತಿದ್ದಾರೆ. ಓದಲು ಬಾರದ ಅತ್ತೆಗೆ ನನ್ನ ಮಗಳು ರಕ್ಷಾ ಒಂದೊಂದು ನಂಬರಿಗೂ ಆ ಮನೆಯ ಮಗುವಿನ ಫೋಟೋ ಹಾಕಿಕೊಟ್ಟಿದ್ದಳು. ಫೋನ್ ಬಂದರೆ ತೆರೆಯ ಮೇಲೆ ಒಂದು ಮಗು ನಗುತ್ತಿತ್ತು, ಅತ್ತೆಯೂ ನಗುತ್ತಿದ್ದರು.

ಆ ಫೋನೇ ಎಲ್ಲದರ ಮೂಲ. ಕೊರೊನಾ ಕಾಲದಲ್ಲಿ ರಕ್ಷಾಳ ಆನ್‌ಲೈನ್ ಕ್ಲಾಸಿಗೆಂದು ಕೊಂಡು, ಖಾತೆಗೆ ಅವಳದೇ ಹುಟ್ಟಿದ ದಿನ ಹಾಕಿದ್ದೆವು. ಶಾಲೆ ಶುರುವಾದ ಮೇಲೆ ಅದು ಅಜ್ಜಿಯ ಪಾಲಾಯಿತು. ಹುಟ್ಟಿದ ದಿನ ಬದಲಿಸಬೇಕೆಂದು ಯಾರಿಗೆ ಹೊಳೆದೀತು? ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನು ಹೀಗೆಂದಿತು: ಹೊಸ ಕಾಯ್ದೆಯ ಪ್ರಕಾರ ಇದು ಮಗುವಿನ ಖಾತೆ, ಮುಂದುವರಿಯಲು ಹೆತ್ತವರ ಒಪ್ಪಿಗೆ ಬೇಕು.

"ನಮ್ಮಪ್ಪ ಸತ್ತು ಯಾವ್ ಕಾಲ ಆಯ್ತು! ಎಲ್ಲಿಂದ ಕರ್ಕಂಬರ್ಲಿ?" ಅಂದರು ಅತ್ತೆ. ನಕ್ಕು ನಕ್ಕು ನಮ್ಮ ಹೊಟ್ಟೆ ಹಿಡಿದುಕೊಂಡಿತು. ನನ್ನ ಗಂಡ ಮುನೀಂದ್ರ ಮಾತ್ರ ಫೋನು ತೆಗೆದುಕೊಂಡು, "ನಾನೇ ಒಪ್ಕೊಂಡ್ರೆ ಆಯ್ತು ಬಿಡಮ್ಮ" ಎಂದು ಅದೇನೋ ಒತ್ತಿದರು. ಹೆತ್ತ ತಾಯಿಗೆ ಇವರು ತಂದೆಯಾದರು.

ಆಮೇಲೆ ಫೋನು ರಾತ್ರಿ ಊಟದ ಹೊತ್ತಿಗೇ ಮಲಗತೊಡಗಿತು. ದೇವರ ನಾಮದ ವಿಡಿಯೋಗೂ ಅಪ್ಪಣೆ ಬೇಕಾಯಿತು. ಕೇಳಿದರೆ ಇವರದು ಒಂದೇ ಮಾತು: "ಕಂಪನಿ ರೂಲ್ಸು ಕಣೇ. ನಮ್ ಕೈಲೇನಿದೆ?" ಬೀದಿಯೆಲ್ಲ ಆ ಕಂಪನಿಗೆ ಹಿಡಿಶಾಪ ಹಾಕಿತು. ಎದುರುಮನೆ ಆನಂದಪ್ಪನವರು, "ಸರ್ಕಾರ ಇವ್ರಿಗೊಂದು ಮೂಗುದಾರ ಹಾಕ್ಬೇಕು ಕಣ್ರೀ" ಅಂದರು. ಮಕ್ಕಳಿಗೆ ಈ ಕಾಯ್ದೆ ಬೇಕೇ ಬೇಕು ಎಂದವರೂ ಇದ್ದರು. ನಾನಂತೂ ಆ ಕಂಪನಿಯ ಆ್ಯಪಿಗೆ ಒಂದೇ ಸ್ಟಾರ್ ಕೊಟ್ಟು, 'ಮೊಮ್ಮಗಳಿರುವ ನನ್ನ ಅತ್ತೆ ನಿಮ್ಮ ಕಣ್ಣಿಗೆ ಮಗುವೇ?' ಎಂದು ಬರೆದೆ. 'ನಿಮ್ಮ ಅಭಿಪ್ರಾಯಕ್ಕೆ ವಂದನೆಗಳು, ಮಕ್ಕಳ ಸುರಕ್ಷತೆಯೇ ನಮ್ಮ ಆದ್ಯತೆ' ಎಂದು ಉತ್ತರ ಬಂತು. ಮೈಯೆಲ್ಲ ಉರಿದುಹೋಯಿತು.

ಈ ಗಲಾಟೆಯಲ್ಲಿ ಅತ್ತೆಗೆ ಕರೆ ಬರುವುದೇ ನಿಂತದ್ದನ್ನು ನಾನು ಗಮನಿಸಲಿಲ್ಲ. ಅವರು ತಾವಾಗಿ ಯಾರಿಗೂ ಫೋನ್ ಮಾಡುವವರಲ್ಲ. 'ಹೆರಿಗೆ ಆಯ್ತಾ' ಎಂದು ನೀರು ಹಾಕುವವಳೇ ಕೇಳಿದರೆ ಆ ಮನೆಗೆ ಒಳ್ಳೆಯದಲ್ಲ ಎಂಬುದು ಅವರ ನಂಬಿಕೆ; ಕರೆಯುವವರೆಗೆ ಕಾಯಬೇಕು. ಕಾದರು. ಫೋನನ್ನು ತೊಡೆಯ ಮೇಲೆ ಇಟ್ಟುಕೊಂಡು ಕಾದರು. ಒಂದು ದಿನ ಎಣ್ಣೆ ಬಟ್ಟಲನ್ನು ತೊಳೆದು ಅಟ್ಟದ ಮೇಲಿಟ್ಟು, "ಈಗೆಲ್ಲ ನರ್ಸಮ್ಮನೋರು ಬತ್ತಾರಂತೆ, ಮುನೀಂದ್ರ ಯೇಳ್ದ. ನನ್ ಕೈ ಯಾರ್ಗೂ ಬ್ಯಾಡ ಮಗಾ" ಅಂದಿದ್ದರು. ಊಟವೂ ಅರ್ಧಕ್ಕರ್ಧ ಇಳಿದಿತ್ತು. ವಯಸ್ಸು ಅಂದುಕೊಂಡೆ.

ಲುಬ್ನಾ ಬಂದ ಆ ಶನಿವಾರ, ನಮ್ಮೆದುರೇ ಅವಳು ತನ್ನ ಫೋನಿನಿಂದ ಅತ್ತೆಗೆ ಕರೆ ಮಾಡಿದಳು. ಅತ್ತೆಯ ಕೈಯಲ್ಲಿದ್ದ ಫೋನು ಮಿಸುಕಲಿಲ್ಲ. ನಾವು ಮೂವರೂ ಹೊರಟು ಬಸ್ ಸ್ಟಾಪಿನ ಪಕ್ಕದ ಮುದಸ್ಸಿರನ ಮೊಬೈಲ್ ಅಂಗಡಿಗೆ ಹೋದೆವು.

"ಈ ಹಾಳು ಕಂಪನಿ ಏನ್ ಮಾಡಿದೆ ನೋಡಪ್ಪ" ಅಂದೆ.

ಅವನು ನೋಡಿದ. ನೋಡಿ ನನ್ನ ಮುಖ ನೋಡಿದ. "ಅಕ್ಕಾ, ಕಂಪನಿ ವಯಸ್ಸು ಮಾತ್ರ ತಪ್ಪು ತಿಳ್ಕೊಂಡಿರೋದು. ಯಾರ ಫೋನ್ ಬರ್ಬೇಕು ಅಂತ ಹೆತ್ತವರೇ ಆರಿಸೋದು. ಮನೆಯೋರನ್ನ ಬಿಟ್ಟು ಎಲ್ಲಾ ನಂಬರೂ ತಡೆದಿದ್ದಾರೆ."

"ತೆಗೆಯೋಕಾಗಲ್ವಾ?"

"ಅಜ್ಜಿ ವಯಸ್ಸಿಗೆ ಹೊಸ ಖಾತೆ ಮಾಡಿದ್ರೆ ಮುಗೀತು. ಟೀ ಕುಡ್ಯೋಷ್ಟ್ರಲ್ಲಿ ಆಗೋ ಕೆಲಸ. ಮುನೀಂದ್ರಣ್ಣ ಯುಗಾದಿ ಆದ್ಮೇಲೆ ಬಂದಿದ್ರಲ್ಲ, ಆವತ್ತೇ ಹೇಳಿದ್ದೆ. 'ಬೇಡ, ಹಿಂಗೇ ಇರ್ಲಿ' ಅಂದ್ರು. ನಂಬರ್ ತಡೆಯೋದು ಹೆಂಗೆ ಅಂತ ಇಲ್ಲೇ ನಿಂತ್ಕೊಂಡು ಕೇಳಿ ಹೋದ್ರು."

 ಇಷ್ಟು ದಿನ ಯಾರಿಗೆ ಬೈದೆ ನಾನು? ಅತ್ತೆ ಅಂಗಡಿಯ ಗಾಜಿನ ಮೇಲೆ ಕೈಯೂರಿ, ಒಳಗಿದ್ದ ಫೋನುಗಳನ್ನೇ ನೋಡುತ್ತಾ ನಿಂತರು.

ಮನೆಗೆ ಬಂದಾಗ ಇವರು ಟಿ.ವಿ. ಮುಂದಿದ್ದರು. ಕೇಳಿದೆ. ಬಚ್ಚಿಡಲೂ ಇಲ್ಲ ಈ ಮನುಷ್ಯ!

"ಹೂಂ, ನಾನೇ ಮಾಡಿದ್ದು. ಈ ವಯಸ್ಸಲ್ಲಿ ಕಂಡೋರ ಮಕ್ಕಳ ಹೇಲುಚ್ಚೆ ಬಾಚೋ ಕರ್ಮ ಯಾಕೆ? ನನ್ನ ಮ್ಯಾನೇಜರ್ರು ಅಮ್ಮ ಹೋಗೋ ಆ ಸಿಂಗಾಪುರದ ಅಪಾರ್ಟ್‌ಮೆಂಟಲ್ಲೇ ಇರೋದು. ಬೇಡ ಅಂದ್ರೆ ಅಮ್ಮ ಕೇಳ್ತಿರ್ಲಿಲ್ಲ. ಒಳ್ಳೇದಕ್ಕೇ ಮಾಡ್ದೆ."

ಅತ್ತೆ ಅವರನ್ನೇ ನೋಡಿದರು. "ನಿಂದೂ ಬಾಚಿದ್ದೆ ಕಣಪ್ಪ ಇದೇ ಕೈಲಿ. ನಾಚ್ಕೆ ಆಗಿರ್ಲಿಲ್ಲ" ಅಂದರು. "ಸಹಕಾರನಗರದೋರೆಲ್ಲ ನಾನ್ ಸತ್ತೋದೆ ಅಂತ ಅತ್ಕೊಂಡವ್ರೆ. ನಾನ್ ಬದುಕಿರೋದ್ ಗೊತ್ತಿದ್ದ ಮಗ ನೀನು, ಇಲ್ಲೇ ಕುಂತು ನೋಡ್ತಿದ್ದೆ."

ಇವರು ರಿಮೋಟು ತೆಗೆದುಕೊಂಡು ಟಿ.ವಿ. ಆರಿಸಿದರು.

ಅತ್ತೆ ಸ್ಟೂಲು ಹಾಕಿಕೊಂಡು ಅಟ್ಟದಿಂದ ಎಣ್ಣೆ ಬಟ್ಟಲು ಇಳಿಸಿದರು. ಫೋನನ್ನು ಇವರ ತೊಡೆಯ ಮೇಲಿಟ್ಟು, ಗೇಟಿನ ಬಳಿ ನಿಂತಿದ್ದ ಲುಬ್ನಾಳ ಕಡೆ ನಡೆದರು.

"ಅಮ್ಮಾ, ಎಲ್ಲಿಗೆ? ನಾಳೆ ಮಾತಾಡೋಣ, ಈಗ ಬೇಡ" ಅಂದರು ಇವರು ಎದ್ದು.

"ಕೇಳ್ಕಂಡು ಓಗ್ತಿಲ್ಲ ಮುನೀಂದ್ರ, ಯೇಳಿ ಓಗ್ತಾ ಇವ್ನಿ. ಆ ಕೂಸು ನೀರಿಲ್ದೆ ಅಳ್ತಾ ಅದೆಯಂತೆ."

ಗೇಟು ಮುಚ್ಚಿತು. ಇವರು ನನ್ನ ಕಡೆ ತಿರುಗಿ, "ನೀನಾದ್ರೂ ಹೇಳ್ಬಾರ್ದೇನೇ" ಅಂದರು.

ನಾನು ಫ್ರಿಜ್ಜಿನ ಮೇಲಿದ್ದ ನನ್ನ ಫೋನು ತೆಗೆದುಕೊಂಡೆ. ಹೋದ ವರ್ಷ ಮದುವೆಯ ವಾರ್ಷಿಕೋತ್ಸವದ ಉಡುಗೊರೆಯೆಂದು ಇವರೇ ತಂದದ್ದು. "ಎಲ್ಲಾ ನಾನೇ ಸೆಟ್ ಮಾಡಿದ್ದೀನಿ, ನೀನು ತಲೆ ಕೆಡಿಸ್ಕೋಬೇಡ" ಎಂದು ಪ್ರೀತಿಯಿಂದ ಕೈಗಿಟ್ಟಿದ್ದರು. ಚಪ್ಪಲಿ ಮೆಟ್ಟಿಕೊಂಡು ಮತ್ತೆ ಮುದಸ್ಸಿರನ ಅಂಗಡಿಗೆ ಹೊರಟೆ.