ಚಿತ್ರಾಳ ಬಾಯಿಗೆ ಬೇರೆಯವರ ದನಿ

ತಾಲೀಮಿನಲ್ಲಿ ನನ್ನ ಮೂರನೇ ತರಗತಿಯ ಚಿತ್ರಾ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ಅವಳ ಮಾತು ಮಾತ್ರ ಸ್ಪೀಕರಿನಿಂದ ಬರುತ್ತಿತ್ತು, ಯಾರೋ ಹೆಂಗಸಿನ ದನಿಯಲ್ಲಿ: "ಪ್ರಯಾಣಿಕರೇ, ದಯವಿಟ್ಟು ಮುಂದೆ ಸಾಗಿ."

"ತುಟಿ ಆಡಿಸಮ್ಮಾ, ತುಟಿ!" ಎಂದು ಯಶವಂತ ಕಿರುಚಿದ.

ಯಶವಂತ ಮೈಸೂರಿನವನು, ಹೈಟೆಕ್ ಸಿಟಿಯಲ್ಲಿ ಕೆಲಸ. ನಾರಾಯಣಗೂಡದ ನಮ್ಮ ಕನ್ನಡ ಶಾಲೆಯ ವಾರ್ಷಿಕೋತ್ಸವವನ್ನು ತಾನೇ ನಡೆಸಿಕೊಡುತ್ತೇನೆಂದು ಬಂದಿದ್ದ. ನಮ್ಮ ಮಕ್ಕಳ ನಾಟಕದ ಮಾತನ್ನೆಲ್ಲ ತಿದ್ದಿ, ಅಬಿಡ್ಸ್‌ನ ಸ್ಟುಡಿಯೋದಲ್ಲಿ ದೊಡ್ಡವರಿಂದ ಹೇಳಿಸಿ, ಸಿ.ಡಿ. ಮಾಡಿಸಿ ತಂದಿದ್ದ. ಈಗ ಎಲ್ಲ ಕಡೆ ಹೀಗೇ ಅಂತೆ. ಸಿ.ಡಿ. ಮಾತಾಡುತ್ತದೆ, ಮಕ್ಕಳು ತುಟಿ ಆಡಿಸುತ್ತಾರೆ. ಅದಕ್ಕೆ ನಾಟಕ ಅಂತ ಹೆಸರು!

ನನಗೆ ನೆತ್ತಿ ಉರಿಯಿತು. ಈ ಹುಡುಗಿ ಒಂದು ವರ್ಷ ತರಗತಿಯಲ್ಲಿ ತುಟಿ ಪಿಟಕ್ಕೆಂದಿರಲಿಲ್ಲ. ಹಾಜರಿ ಕೂಗಿದರೆ ಕೈ ಎತ್ತುತ್ತಿದ್ದಳು, ಅಷ್ಟೇ. ಪಾಠ ಓದು ಎಂದರೆ ಕಣ್ಣಲ್ಲಿ ನೀರು. ನಾನು ಹಳ್ಳಿ ಶಾಲೆಯಲ್ಲಿ ಕಲಿತವನು, ನಾಟಕದ ತರಬೇತಿ ಗಿರಬೇತಿ ನನಗಿಲ್ಲ. ಒಂದು ದಿನ ಬೆಂಚುಗಳನ್ನು ಬಸ್ಸಿನ ಸೀಟಿನಂತೆ ಜೋಡಿಸಿ, ಅವಳ ಹೆಗಲಿಗೆ ಚೀಲ ಹಾಕಿ, "ಕೋಠಿಗೆ ಹೋಗೋ ಬಸ್ಸು. ನೀನೇ ಕಂಡಕ್ಟರ್" ಎಂದೆ. ಏನು ಮಾತಾಡಬೇಕೆಂದು ಹೇಳಿಕೊಡಲಿಲ್ಲ. ನಾನು ಟಿಕೆಟ್ ತಗೊಳ್ಳದೆ ಕಿಟಕಿ ಪಕ್ಕ ಕೂತು ಗೊರಕೆ ಹೊಡೆದೆ. ಅವಳು ನಿಂತಳು, ನಿಂತೇ ಇದ್ದಳು. ಕೊನೆಗೆ ನನ್ನ ಭುಜ ಅಲುಗಿಸಿ, "ಏಳ್ರಿ ಅಜ್ಜಾರ, ಇದೇನ್ ನಿಮ್ಮ ಮನಿ ಏನು? ಟಿಕೆಟ್ ತಗೋರಿ!" ಎಂದಳು. ಇಡೀ ಬಸ್ಸು ನಕ್ಕಿತು. ಮರುದಿನ ಎದ್ದು ನಿಂತು ಪಾಠವನ್ನೂ ಓದಿದಳು. ಆ ಬಸ್ಸಿನ ಆಟವೇ ಬೆಳೆದು ವಾರ್ಷಿಕೋತ್ಸವದ ನಾಟಕವಾಗಿತ್ತು.

ಈಗ ಆ ಬಾಯಿಗೇ ಬೀಗ.

"ಅಮರೇಶಪ್ಪ ಸರ್, ನೀವಾದ್ರೂ ಹೇಳಿ. ಗೆಸ್ಟ್‌ಗಳು ಬರ್ತಾರೆ. ಮಕ್ಕಳ ದನಿ ಹಿಂದಿನ ಸಾಲಿಗೆ ಕೇಳ್ಸಲ್ಲ," ಎಂದ ಯಶವಂತ.

"ಹಿಂದಿನ ಸಾಲಿನವ್ರು ಮುಂದ ಬಂದು ಕುಂದ್ರಲಿ!"

"ಭಾಷೆನೂ ಸ್ವಲ್ಪ ನೀಟಾಗಿರ್ಬೇಕಲ್ವಾ ಸರ್?"

"ಹುಡುಗಿ ನೀಟಾಗಿ ಬಾಯಿ ಮುಚ್ಕೊಂಡ್ರ ನಿಮಗ ನಡೀತೈತೇನು?" ಎಂದವನೇ ಪ್ಲೇಯರಿನ ವೈರು ಕಿತ್ತೆ. "ನನ್ನ ಕ್ಲಾಸು ನಿಮ್ಮ ಉತ್ಸವಕ್ಕ ಬರಂಗಿಲ್ಲ!"

"ಇಷ್ಟ್ಯಾಕ ಸಿಟ್ಟು ಮಾಡ್ತೀರಿ ಸರ್? ಅವ್ರು ಶಾಲಾ ಕಮಿಟಿಯವ್ರು," ಎಂದು ಹೆಡ್‌ಮಿಸ್ ನಳಿನಿ ಮೇಡಂ ಪಿಸುಗುಟ್ಟಿದರು. ಕಮಿಟಿಯವರಾದರೆ ಮಕ್ಕಳ ಗಂಟಲಿನ ಮೇಲೂ ಅಧಿಕಾರವೇ? ನಾನು ಮಕ್ಕಳನ್ನು ಕರೆದುಕೊಂಡು ತರಗತಿಗೆ ಹೋದೆ. ಧಡಧಡ ಬೆಂಚು ಎಳೆದೆವು. ಎಲ್ಲರೂ ಹತ್ತಿ ಕೂತರು. ಚಿತ್ರಾ ಮಾತ್ರ ಚೀಲ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಿದ್ದಳು. ಮತ್ತೆ ಹಳೆಯ ಚಿತ್ರಾಳೇ ಆದಳೇನೋ!

ಅಷ್ಟರಲ್ಲಿ ಯಶವಂತ ಹಿಂದೆಯೇ ಬಂದು ಬಾಗಿಲಿಗೆ ಅಡ್ಡ ನಿಂತ. "ಸರ್, ನೀವು ಮಾಡಿದ್ದು ಸರಿಯಲ್ಲ. ಇನ್ವಿಟೇಶನ್ ಆಗ್ಲೇ..."

ಚಿತ್ರಾ ಗೋಡೆ ಬಿಟ್ಟಳು. ಚೀಲ ಹೆಗಲಿಗೇರಿಸಿ, ಬೆಂಚಿನ ಮೇಲೆ ಪಟಪಟ ಬಡಿದಳು.

"ಏ ಅಣ್ಣಾರ, ಬಾಗಲಾ ಬಿಡ್ರಿ! ಒಳಗ ಸೀಟು ಖಾಲಿ ಅದಾವು, ಕುಂದ್ರರಿ. ನೀವು ಹತ್ತಲ್ದ ಬಸ್ ಬಿಡಂಗಿಲ್ಲ!"

ಯಶವಂತ ಕಕ್ಕಾಬಿಕ್ಕಿಯಾಗಿ ನನ್ನ ಕಡೆ ನೋಡಿದ.

"ನನ್ನ ಮಾರಿ ಏನ್ ನೋಡ್ತೀರಿ?" ಎಂದೆ. "ಕಂಡಕ್ಟರ್ ಅಕಿ. ಅಕಿ ಹೇಳಿದಂಗ ಕೇಳ್ರಿ."