ಗುರುಲಿಂಗವ್ವನ ಅರವತ್ತು ದಡಿಗಳು

ಹುನಗುಂದದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಅಮರೇಶನಿಗೆ ಪರದೆಯ ಮೇಲೆ ಬರೆದದ್ದನ್ನು ಓದುವುದೆಂದರೆ ಅವಮಾನ. ಓದುವವರು ಹೊಸಬರು, ಇಪ್ಪತ್ತು ವರ್ಷ ಪಳಗಿದವನಿಗೆ ಬೆರಳೇ ಸಾಕು. ಈ ಜಾಣತನ ಹೊತ್ತುಕೊಂಡೇ ಅವನು ಇಳಕಲ್‌ಗೆ, ಗುರುಲಿಂಗವ್ವನ ಮನೆಗೆ ಹೋದ.

ಗುರುಲಿಂಗವ್ವ ಸೀರೆಯ ದಡಿಗೆ, ಅಂದರೆ ಅಂಚಿಗೆ, ನಮೂನೆ ಬರೆಯುವಾಕೆ. ಹನ್ನೊಂದು ವರ್ಷ ಚೌಕ ಚೌಕ ತುಂಬಿ ಬರೆದ ಅರವತ್ತು ದಡಿಗಳು ಆಕೆಯ ಹಳೆಯ ಕಂಪ್ಯೂಟರಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಅದೀಗ ತಾಸಿಗೊಮ್ಮೆ ನಿಂತುಬಿಡುತ್ತಿತ್ತು.

“ದಡಿ ಮಾತ್ರ ಹೋಗಬಾರದು ನೋಡ್ ತಮ್ಮಾ.”

“ಎಲ್ಲಿ ಹೋಗ್ತಾವ್ರಿ ಅವ್ವಾರ, ನಾ ಇದ್ದೇನಲ್ಲ.”

ಹೊಸ ಹಾರ್ಡ್ ಡಿಸ್ಕನ್ನು ಹಳೆಯದರ ಪಕ್ಕಕ್ಕೆ ಜೋಡಿಸಿದ. ಹೊಸದರಲ್ಲಿ ವಿಂಡೋಸ್ ಹಾಕಿ, ಆಮೇಲೆ ದಡಿಗಳನ್ನು ಅದಕ್ಕೆ ಎತ್ತಿಕೊಳ್ಳುವ ವಿಚಾರ. ಪರದೆಯಲ್ಲಿ ಒಂದೇ ಡಿಸ್ಕು ಕಾಣಿಸಿತು. ಈಗತಾನೇ ಕೈಯಾರೆ ಕೂಡಿಸಿದ್ದೇನೆ, ಇದೇ ಹೊಸದು ಎಂದುಕೊಂಡ ಪುಣ್ಯಾತ್ಮ. ಡಿಸ್ಕನ್ನು ಪೂರ್ತಿ ಅಳಿಸುವ ಫಾರ್ಮ್ಯಾಟ್ ಒತ್ತಿ, ಚಹಾ ಕುಡಿಯುತ್ತ, ಬಾಗಲಕೋಟೆಯಲ್ಲಿ ತಾನು ಬದುಕಿಸಿದ ಕಂಪ್ಯೂಟರುಗಳ ಕಥೆ ಹೇಳಿದ.

ಕೆಲಸ ಮುಗಿದ ಮೇಲೆ ಹಳೆಯ ಡಿಸ್ಕನ್ನು ಹುಡುಕಿದರೆ ಎಲ್ಲಿದೆ? ಆ ಹಳೆಯ ಯಂತ್ರಕ್ಕೆ ಹೊಸ ಡಿಸ್ಕನ್ನು ಗುರುತಿಸುವ ತಾಕತ್ತೇ ಇರಲಿಲ್ಲ. ಕಂಡದ್ದು ಹಳೆಯದು, ಅಳಿಸಿದ್ದೂ ಹಳೆಯದನ್ನೇ. ಅದು ಹೊಸದಕ್ಕಿಂತ ಚಿಕ್ಕ ಡಿಸ್ಕು ಎಂಬುದನ್ನು ಪರದೆ ಅಳತೆ ಸಮೇತ ಅಚ್ಚುಕಟ್ಟಾಗಿ ಬರೆದೇ ತೋರಿಸಿತ್ತು. ಮಹಾಶಯರು ಓದಬೇಕಿತ್ತಲ್ಲ. ಅಳಿಸಿದ್ದನ್ನು ಹೊರತೆಗೆಯಲು ಎರಡು ದಿನ ಒದ್ದಾಡಿದ, ಒಂದು ದಡಿಯೂ ಇಡಿಯಾಗಿ ಬರಲಿಲ್ಲ.

“ದಡಿ ಅಳಿಸಿಬಿಟ್ಟೇನ್ರಿ ಅವ್ವಾರ. ತಪ್ಪು ನಂದ.”

ಆಕೆ ಕಂಪ್ಯೂಟರಿನ ಪರದೆಯನ್ನು ಸೆರಗಿನಿಂದ ಒರೆಸಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

“ನೇಯ್ದ ಸೀರಿ ಎಲ್ಲಾ ಮಾರಿ ಹೋಗ್ಯಾವ” ಎಂದಳು. “ಯಾರ್ಯಾರು ತಗೊಂಡಾರ, ಅವರ ಮನಿಗೆ ಹೋಗು. ದಡಿ ಎಳಿ ಎಣಿಸಿ ಬರಕೊಂಡು ಬಾ.”

ಕಂಪ್ಯೂಟರ್ ಪಂಡಿತ ಭೂತಗನ್ನಡಿ ಹಿಡಿದು ಅಮೀನಗಡ, ಬಾದಾಮಿ ಸುತ್ತಿದ. ಕಂಡವರ ಪಡಸಾಲೆಯಲ್ಲಿ ಮಂಡಿಯೂರಿ ಎಳೆ ಎಣಿಸಿದ. ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಕ್ಕರು. ಎರಡು ತಿಂಗಳಿಗೆ ಹತ್ತೊಂಬತ್ತು ದಡಿ ಸಿಕ್ಕವು. ಉಳಿದ ಸೀರೆ ಕೊಂಡವರು ಯಾರು, ಎಲ್ಲಿದ್ದಾರೆ ಎಂದು ಗೊತ್ತಿರಲಿಲ್ಲ.

ಅಂದು ಮನೆಗೆ ಬಂದವನು ಸೋತು ಹೆಂಡತಿ ಮಹೇಶ್ವರಿಯ ಮುಂದೆ ಎಲ್ಲ ಹೇಳಿಕೊಂಡ. ಅವಳು ಎದ್ದು ಹೋಗಿ ಕಪಾಟಿನಿಂದ ಒಂದು ಸೀರೆ ತಂದು ಅವನ ಮುಂದೆ ಹರವಿದಳು.

“ಇದೂ ಗುರುಲಿಂಗವ್ವಾರ ದಡೀನ ಐತ್ರಿ. ನಾ ಬಸುರಿದ್ದಾಗ ಕುಬಸಕ್ಕ ನೀವ ತಂದಿದ್ರಿ. ಹಬ್ಬಕ್ಕೊಮ್ಮೆ ಉಡತೇನಿ. ಒಮ್ಮೆರ ನೋಡೀರೇನು?”

ಅವನು ನೋಡಿರಲಿಲ್ಲ. ತಲೆ ಬಗ್ಗಿಸಿ ಎಣಿಸಲು ಕೂತ.